ತಿಜೋರಿಯಲ್ಲಿ ಉಳಿದ ಒಂದು ರೂಪಾಯಿ

ಸೋಮವಾರ ಬೆಳಿಗ್ಗೆ ದೇವನಹಳ್ಳಿಯ ‘ಶುಭಲಾಭ ಇನಾಮು ಚೀಟಿ ಕಂಪನಿ’ಯ ಕದ ತೆಗೆದಾಗ ತಿಜೋರಿ ಬಾಯಿ ತೆರೆದುಕೊಂಡು ನಿಂತಿತ್ತು. ಬೀಗದ ಮೇಲಿದ್ದ ಸರ್ಕಾರಿ ಅರಗಿನ ಮುದ್ರೆ ಚೂರುಚೂರಾಗಿ ನೆಲದಲ್ಲಿ ಬಿದ್ದಿತ್ತು. ಒಳಗಿನ ಹಣ ಮಾಯ.

ಮಾಲೀಕ ಚಿಕ್ಕವೆಂಕಟಪ್ಪ ತಲೆ ಮೇಲೆ ಕೈಹೊತ್ತು ಕೂತುಬಿಟ್ಟ.

“ಕೆಟ್ಟೆ ಸಾರ್! ಇವತ್ತು ಜನಕ್ಕೆ ಏನಂತ ಮುಖ ತೋರಿಸ್ಲಿ?”

ಹೀಗೆ ಕೇಳಿದ್ದು ತಪಾಸಣಾಧಿಕಾರಿ ಸಂಜೀವಪ್ಪನನ್ನು. ಚೀಟಿ ಕಂಪನಿಗಳ ಮೇಲೆ ಕಣ್ಣಿಡಲು ಸರ್ಕಾರ ಕಳಿಸಿದ ದುಂಡನೆಯ, ನಗುಮುಖದ ಮನುಷ್ಯ. ಹೊಟ್ಟೆ ತುಂಬ ಇಡ್ಲಿ ತಿಂದಿದ್ದ. ಆ ನೆಮ್ಮದಿ ಅಷ್ಟು ಸುಲಭವಾಗಿ ಕದಡುವಂಥದ್ದಲ್ಲ.

ಅದು ೧೯೭೯ರ ಬೇಸಗೆ. ಚಿಕ್ಕವೆಂಕಟಪ್ಪನ ವ್ಯಾಪಾರ ಬಲು ಸರಳವಾಗಿತ್ತು. ಸದಸ್ಯರು ತಿಂಗಳಿಗೆ ಹತ್ತು ರೂಪಾಯಿ ಕಟ್ಟಬೇಕು. ಹಿತ್ತಾಳೆ ಬಿಂದಿಗೆಯಿಂದ ಒಂದು ಚೀಟಿ ಎತ್ತುತ್ತಾರೆ. ಹೆಸರು ಬಂದವರಿಗೆ ಹೊಲಿಗೆ ಯಂತ್ರವೋ ರೇಡಿಯೋವೋ ಸಿಗುತ್ತದೆ. ಮಿಕ್ಕವರಿಗೆ ಸಿಗುವುದು ಮುಂದಿನ ತಿಂಗಳ ಆಸೆ. ಇಂಥ ಆಟ ಇನ್ನು ಸಾಕು ಎಂದು ದೆಹಲಿಯಲ್ಲಿ ಕಾನೂನು ಬಂತು. ಇನಾಮು ಚೀಟಿ ಬಂದ್, ಕಟ್ಟಿಸಿಕೊಂಡ ಹಣ ಸದಸ್ಯರಿಗೆ ವಾಪಸ್. ಶನಿವಾರ ಸಂಜೀವಪ್ಪ ಚಾಪೆ ಹಾಸಿ, ತಿಜೋರಿಯನ್ನು ಪೂರ್ತಿ ಖಾಲಿ ಮಾಡಿ, ಹಣ ಎಣಿಸಿ, ಮತ್ತೆ ಒಳಗಿಟ್ಟು, ತಾನೇ ಮುದ್ರೆ ಒತ್ತಿದ್ದ. ಸೋಮವಾರ ಹಂಚುವುದೆಂದು ಊರೂರಿಗೆ ತಮಟೆ ಹೊಡೆಸಿಯೂ ಆಗಿತ್ತು.

ಜಗಲಿಯ ಮೇಲೆ ಆಗಲೇ ಜನ ಸೇರಿದ್ದರು. ಎಲ್ಲರಿಗಿಂತ ಮುಂದೆ ನಲ್ಲೂರಿನ ಅನುಸೂಯಮ್ಮ. ಗಂಡನಿಲ್ಲದ ಹೆಂಗಸು. ರವಿಕೆ ಹೊಲಿಯುವುದನ್ನು ಕಲಿತಿದ್ದಳು, ಯಂತ್ರ ಮಾತ್ರ ಇರಲಿಲ್ಲ. ಅದರ ಆಸೆಗೇ ವರ್ಷಗಟ್ಟಲೆ ಚೀಟಿ ಕಟ್ಟಿದ್ದಳು, ಬಿಂದಿಗೆಯಿಂದ ಅವಳ ಹೆಸರು ಒಮ್ಮೆಯೂ ಮೇಲೆ ಬಂದಿರಲಿಲ್ಲ.

“ಸಾಮಿ, ನಮ್ ದುಡ್ಡು ಬತ್ತದಾ?” ಎಂದಳು.

“ಬತ್ತದೆ ಕಣಮ್ಮ. ಕೂತ್ಕೊ,” ಎಂದ ಸಂಜೀವಪ್ಪ.

ಹೇಳಿದ ಮೇಲೆ ನೆಲದ ಮೇಲಿನ ಅರಗಿನ ಚೂರುಗಳತ್ತ ನೋಡಿದ. ಮುದ್ರೆ ಒತ್ತಿದ ಕೈ ತನ್ನದು. ಈಗ ಮಾತೂ ಕೊಟ್ಟಾಗಿತ್ತು.

*

ಸಬ್ ಇನ್ಸ್‌ಪೆಕ್ಟರ್ ಜವರಪ್ಪ ಬಂದ. ಬೀಗ ಒಡೆದಿರಲಿಲ್ಲ. ಕಿಟಕಿ ಮುರಿದಿರಲಿಲ್ಲ.

“ಬೀಗದ ಕೈ ಎಷ್ಟು?”

“ಎರಡು ಸಾರ್,” ಎಂದ ಚಿಕ್ಕವೆಂಕಟಪ್ಪ. “ಎರಡೂ ಸೇರಿದ್ರೇನೇ ತಿಜೋರಿ ತೆಗೆಯೋದು. ಒಂದು ನನ್ ಸೊಂಟದಲ್ಲಿದೆ. ಇನ್ನೊಂದು ನಮ್ ಗುಮಾಸ್ತ ಆವಲಪ್ಪನ ಹತ್ರ.”

“ಅವನೆಲ್ಲಿ?”

“ಶನಿವಾರ ಸಂಜೆ ಹೋದೋನು ಇನ್ನೂ ಬಂದಿಲ್ಲ. ನಾನು ಅವನ ಮೇಲೆ ಏನೂ ಹೇಳಲ್ಲ ಸಾರ್. ಆದ್ರೆ ಹೋದ ತಿಂಗಳು ಇಲ್ಲೇ ತಿಜೋರಿ ಬೀಗಕ್ಕೆ ಎಣ್ಣೆ ಹಾಕ್ದಾಗ ನನ್ ಬೀಗದ ಕೈಯನ್ನ ಅವನೂ ಮುಟ್ಟಿದ್ದ...”

ಏನೂ ಹೇಳಲ್ಲ ಎಂದವನು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದ. ಜವರಪ್ಪ ಲಾಠಿ ತಿರುಗಿಸಿದ.

ಅಷ್ಟರಲ್ಲಿ ದೊಡ್ಡಬಳ್ಳಾಪುರದ ಕಡೆಯ ಬಸ್ಸಿನಿಂದ ಆವಲಪ್ಪ ಇಳಿದ. ನುಣ್ಣಗೆ ಬೋಳಿಸಿದ ತಲೆ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಪ್ರಸಾದದ ಪೊಟ್ಟಣ. ಜವರಪ್ಪ ಹೋಗಿ ಕುತ್ತಿಗೆಪಟ್ಟಿ ಹಿಡಿದ.

“ವೇಷ ಬದಲಾಯಿಸ್ಕೊಂಡು ಬಂದೇನೋ?”

“ಅಯ್ಯೋ, ವೇಷ ಅಲ್ಲ ಸಾರ್, ಮುಡಿ!” ಆವಲಪ್ಪ ಬೋಳುತಲೆ ಮುಟ್ಟಿ ತೋರಿಸಿದ. “ಮನೆಮನೆಗೆ ಹೋಗಿ ದುಡ್ಡು ವಸೂಲಿ ಮಾಡ್ದೋನು ನಾನು. ಎಲ್ಲರ ದುಡ್ಡೂ ವಾಪಸ್ ಬಂದ್ರೆ ಮುಡಿ ಕೊಡ್ತೀನಿ ಅಂತ ಘಾಟಿ ಸುಬ್ರಹ್ಮಣ್ಯಸ್ವಾಮಿಗೆ ಹರಕೆ ಹೊತ್ತಿದ್ದೆ. ಶನಿವಾರ ಈ ಸಾಹೇಬ್ರು ಸೀಲ್ ಹಾಕಿದ್ರಲ್ಲ, ಬಂದೇಬಿಡ್ತು ಅನ್ಕೊಂಡೆ.”

ಸ್ವಲ್ಪ ಅವಸರಪಟ್ಟಿದ್ದ, ಪಾಪ.

“ಬೀಗದ ಕೈ?” ಕೇಳಿದ ಸಂಜೀವಪ್ಪ.

ಆವಲಪ್ಪ ಉಡಿದಾರದಿಂದ ಬಿಚ್ಚಿಕೊಟ್ಟ.

“ಇದು ನಿನ್ನ ಬಿಟ್ಟು ಎಲ್ಲಾದ್ರೂ ಹೋಗಿತ್ತೇನಪ್ಪ?”

“ಇಲ್ಲ ಸಾರ್... ಹೋದ ತಿಂಗಳು ಯಜಮಾನ್ರೇ ಇಸ್ಕೊಂಡಿದ್ರು. ಎಣ್ಣೆ ಹಾಕಿಸ್ತೀನಿ ಅಂತ. ಮಾರನೇ ದಿನ ಕೊಟ್ರು.”

“ಸುಳ್ಳು!” ಎಂದು ಚಿಕ್ಕವೆಂಕಟಪ್ಪ ಕೂಗಿದ.

ಇವನ ಮಾತಿಗೆ ಅವನ ಮಾತು ಎದುರು. ಹೊರಗೆ ಜನ ಗುಜುಗುಜು ಅನ್ನತೊಡಗಿದ್ದರು. ಕಲ್ಲೊಂದು ಬಂದು ಬೋರ್ಡಿಗೆ ಬಡಿಯಿತು. ಆವಲಪ್ಪನ ಬೋಳುತಲೆಯ ಮೇಲೆ ಬೆವರು ಹನಿಯಿತು.

ಸಂಜೀವಪ್ಪ ತಿಜೋರಿಯ ಮುಂದೆ ಮಂಡಿಯೂರಿ ಕೂತ. ಕೈಹಾಕಿ ಮೂಲೆಮೂಲೆ ತಡಕಿದ. ಕೆಳಗಿನ ಅರೆಯ ಹಿಂದುಗಡೆ ಬೆರಳಿಗೆ ಏನೋ ಸಿಕ್ಕಿತು. ಒಂದು ಅರಿಶಿನದ ಕೊಂಬು, ಅದರ ಪಕ್ಕದಲ್ಲಿ ಅರಿಶಿನ ಮೆತ್ತಿದ ಒಂದು ರೂಪಾಯಿ ನಾಣ್ಯ.

ಅವೆರಡನ್ನೂ ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ. ಆಮೇಲೆ ಬೆಳಗಿನ ಇಡ್ಲಿಯ ನೆಮ್ಮದಿ ಮುಖಕ್ಕೆ ಮರಳಿ ಬಂತು.

“ಜವರಪ್ಪನೋರೆ, ಇವರ ಮನೆ ಒಂದ್ಸಲ ನೋಡೋಣ ಬನ್ನಿ.”

“ಆವಲಪ್ಪನ ಮನೇನಾ?”

“ಅಲ್ಲ. ಚಿಕ್ಕವೆಂಕಟಪ್ಪನೋರ್ದು.”

*

ಮನೆಯ ಹಿಂಭಾಗದ ಉಗ್ರಾಣದಲ್ಲಿ ಹೊಸ ಹುಣಸೆಹಣ್ಣಿನ ಹುಳಿ ವಾಸನೆ ತುಂಬಿತ್ತು. ನಲ್ಲೂರಿನ ತೋಪಿನ ಫಸಲನ್ನು ಗುತ್ತಿಗೆ ಹಿಡಿದಿದ್ದರು. ಬೀಜ ತೆಗೆದು ಉಪ್ಪು ಬೆರೆಸಿ ತುಂಬಿಟ್ಟ ಮಣ್ಣಿನ ಗುಡಾಣಗಳು ಗೋಡೆಯುದ್ದಕ್ಕೂ ಸಾಲಾಗಿದ್ದವು.

ಪೊಲೀಸರು ಪೆಟ್ಟಿಗೆ, ಹಾಸಿಗೆ, ಅಟ್ಟ ಎಲ್ಲ ಜಾಲಾಡಿದರು. ಏನೂ ಸಿಗಲಿಲ್ಲ. ಸಂಜೀವಪ್ಪ ಮಾತ್ರ ಗುಡಾಣಗಳ ಮುಂದೆ ದೇವಸ್ಥಾನ ಸುತ್ತುವವನ ಹಾಗೆ ಮೆಲ್ಲಗೆ ನಡೆದ. ಕೊನೆಯದರ ಮುಂದೆ ನಿಂತ. ಅದರ ಕುತ್ತಿಗೆಯ ಮೇಲೆ ಪುಟ್ಟದೊಂದು ಕುಂಕುಮದ ಬೊಟ್ಟು. ಬೇರೆ ಯಾವುದಕ್ಕೂ ಇರಲಿಲ್ಲ.

“ಅಮ್ಮಾ,” ಎಂದು ಚಿಕ್ಕವೆಂಕಟಪ್ಪನ ಹೆಂಡತಿ ಮುನಿಲಕ್ಷ್ಮಮ್ಮನನ್ನು ಕರೆದ, “ಈ ಕುಂಕುಮ ಇಟ್ಟೋರು ನೀವಾ?”

ಆಕೆ ಬಗ್ಗಿ ನೋಡಿ ನಕ್ಕೇಬಿಟ್ಟಳು. “ನಾನ್ಯಾಕಿಡ್ಲಿ ಸಾಮಿ? ಉಣಸೆಹಣ್ಣಿಗೆ ಯಾರಾನ ಪೂಜೆ ಮಾಡ್ತಾರಾ?”

ಗಂಡ ಮಾತ್ರ ನಗಲಿಲ್ಲ. ಗೋಡೆಗೆ ಒರಗಿದ.

ಜವರಪ್ಪ ಮೊಣಕೈವರೆಗೆ ತೋಳು ಮಡಿಸಿ ಗುಡಾಣಕ್ಕೆ ಕೈಯಿಳಿಸಿದ. ಮೇಲೆ ಒಂದು ಗೇಣು ಹುಣಸೆಹಣ್ಣು. ಅದರ ಕೆಳಗೆ ಮೇಣಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಗಂಟುಗಳು.

*

“ಇದೇನು ಕಣಿ ಕೇಳ್ಕೊಂಡ್ ಬಂದ್ರಾ?” ಕಂಪನಿಗೆ ಮರಳಿದ ಮೇಲೆ ಜವರಪ್ಪ ಕೈ ತೊಳೆಯುತ್ತ ಕೇಳಿದ.

ಸಂಜೀವಪ್ಪ ಜಗಲಿಯ ಜನಕ್ಕೆಲ್ಲ ಕೇಳುವಂತೆ ಹೇಳಿದ.

“ಶನಿವಾರ ತಿಜೋರಿ ಖಾಲಿ ಮಾಡ್ದಾಗ ಒಳಗೆ ಪೂಜೆ ಸಾಮಾನಿತ್ತು. ಸರ್ಕಾರಿ ಸೀಲ್ ಬೀಳೋ ಪೆಟ್ಟಿಗೇಲಿ ಎಣಿಸಿದ ಹಣ ಬಿಟ್ಟು ಬೇರೇನೂ ಇರಬಾರದು ಅನ್ನೋದು ನಿಯಮ. ಅದನ್ನೆಲ್ಲ ನಾನೇ ತೆಗೆದು ಯಜಮಾನ್ರ ಕೈಗೆ ಕೊಟ್ಟೆ. ಒಳಗೆಲ್ಲ ಬಟ್ಟೇಲಿ ಒರೆಸ್ದೆ. ಹಂಗಿದ್ಮೇಲೆ ಈ ಕೊಂಬು, ಈ ನಾಣ್ಯ ಎಲ್ಲಿಂದ ಬಂತು? ಸೀಲ್ ಒಡೆದೋನೇ ಇಟ್ಟಿದ್ದು.”

“ದೇವರಿಗೆ ಹೆದರೋ ಕಳ್ಳ ಇರಬೌದು,” ಎಂದ ಜವರಪ್ಪ.

“ಹಣದ ಪೆಟ್ಟಿಗೆ ಬರಿದು ಬಿಡಬಾರದು ಅಂತ ಯಾರಿಗೆ ಅನ್ಸುತ್ತೆ ಹೇಳಿ? ಅದು ಮತ್ತೆ ತುಂಬಬೇಕು ಅಂತ ಆಸೆ ಇರೋನಿಗೆ. ಹೊರಗಿನ ಕಳ್ಳನಿಗೆ ಊರಿನೋರ ತಿಜೋರಿ ತುಂಬಿದ್ರೇನು, ತುಕ್ಕು ಹಿಡಿದ್ರೇನು? ಆವಲಪ್ಪಂಗೆ ಇವತ್ತಿಗೆ ಕೆಲಸವೇ ಮುಗೀತು. ಉಳಿದೋರು ಪೆಟ್ಟಿಗೆ ಯಜಮಾನ್ರು ಒಬ್ಬರೇ. ಹಳೇ ಪೆಟ್ಟಿಗೇನ ಬರಿದು ಬಿಡೋಕೆ ಮನಸ್ಸು ಬರದೋರು, ಹೊಸಾ ಜಾಗಕ್ಕೆ ಲಕ್ಷ್ಮೀನ ಕುಂಕುಮ ಇಡದೆ ಇಳಿಸ್ತಾರಾ? ಅದನ್ನೇ ಹುಡುಕ್ದೆ.”

ಚಿಕ್ಕವೆಂಕಟಪ್ಪ ಒಪ್ಪಿಕೊಂಡ. ಆವಲಪ್ಪನ ಬೀಗದ ಕೈಗೆ ನಕಲು ಮಾಡಿಸಿದ್ದ. ಹೊಸಕೋಟೆಯಲ್ಲಿ ಬೇರೆ ಹೆಸರಿನ ಬೋರ್ಡು ಹಾಕಿ, ಇದೇ ತಿಜೋರಿ ಇಟ್ಟು, ಇದೇ ಆಟ ಹೂಡುವ ಲೆಕ್ಕಾಚಾರವಿತ್ತು.

“ಅಪ್ಪನ ಕಾಲದ ಪದ್ಧತಿ ಸಾರ್,” ಎಂದು ಗೊಣಗಿದ. “ಪೆಟ್ಟಿಗೆ ಬರಿದು ಬಿಟ್ರೆ ಕೈ ನಡುಗುತ್ತೆ.”

ಜನರ ಹಣ ಗುಡಾಣಕ್ಕಿಳಿಸುವಾಗ ನಡುಗದ ಕೈ ಅದು.

*

ಗಂಟುಗಳ ಹಣ ಎಣಿಸಿ, ಪಂಚನಾಮೆ ಬರೆದು, ಮಧ್ಯಾಹ್ನದೊಳಗೆ ಹಂಚಿಕೆ ನಡೆಯಿತು. ನೋಟುಗಳು ಹುಳಿಹುಳಿ ನಾರುತ್ತಿದ್ದವು, ಯಾರೂ ಬೇಡವೆನ್ನಲಿಲ್ಲ. ಜನ ಆವಲಪ್ಪನ ಬೋಳುತಲೆ ಸವರಿ ನಗುತ್ತ ಹೋದರು. ಅವನೂ ನಕ್ಕ. ಹರಕೆ ಕೊನೆಗೂ ಸರಿಹೋಗಿತ್ತು.

ಮುಂದಿದ್ದ ಅನುಸೂಯಮ್ಮ ವಯಸ್ಸಾದವರಿಗೆಲ್ಲ ದಾರಿ ಬಿಟ್ಟು ಕೊನೆಗೆ ಉಳಿದಿದ್ದಳು. ಅವಳ ಹಣದಲ್ಲಿ ಒಂದು ರೂಪಾಯಿ ಕಮ್ಮಿ. ತಿಜೋರಿಯಲ್ಲಿ ಸಿಕ್ಕ ನಾಣ್ಯ ಸದಸ್ಯರ ಚಿಲ್ಲರೆಯಿಂದಲೇ ತೆಗೆದದ್ದು. ಈಗ ಅದು ಜವರಪ್ಪನ ಬಳಿ ಸಾಕ್ಷಿಯಾಗಿ ಕೂತಿತ್ತು. ಸಂಜೀವಪ್ಪ ತನ್ನ ಜೇಬಿನಿಂದ ಒಂದು ರೂಪಾಯಿ ತೆಗೆದು ಚಾಚಿದ.

“ನಿಮ್ದು ಬ್ಯಾಡ ಸಾಮಿ,” ಎಂದಳು. “ನಂದು ನಂಗೆ ಕೊಡ್ಸಿ. ಕೋರ್ಟ್ ಮುಗೀಲಿ, ಬತ್ತೀನಿ.”

ಕೋರ್ಟ್ ಮುಗಿಯುವುದಕ್ಕೆ ಒಂದು ವರ್ಷ ಹಿಡಿಯಿತು. ಅನುಸೂಯಮ್ಮ ಬಂದಳು, ಹೆಬ್ಬೆಟ್ಟು ಒತ್ತಿದಳು, ಅರಿಶಿನದ ಕಲೆಯಿದ್ದ ನಾಣ್ಯ ಇಸಿದುಕೊಂಡಳು. ಸಂಜೀವಪ್ಪನನ್ನು ಬಲವಂತದಿಂದ ನಲ್ಲೂರಿಗೆ ಕರೆದೊಯ್ದಳು. ಅಲ್ಲಿ ಕಿಟಕಿಯ ಬಳಿ ಹೊಲಿಗೆ ಯಂತ್ರ ಮಿರಮಿರ ಮಿಂಚುತ್ತಿತ್ತು. ಬಿಂದಿಗೆಯಿಂದ ಬಂದದ್ದಲ್ಲ, ಅವಳದೇ ಹಣದಲ್ಲಿ ಕೊಂಡದ್ದು. ಸಂಜೀವಪ್ಪನಿಗೆ ತನ್ನ ಮನೆಗೇ ಯಂತ್ರ ಬಂದಷ್ಟು ಖುಷಿಯಾಯಿತು.

ಅವಳು ಯಂತ್ರದ ಪುಟ್ಟ ಡ್ರಾಯರ್ ಎಳೆದಳು. ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಒಳಗಿಟ್ಟಳು.

“ಬರಿದು ಬಿಡಬಾರ್ದು ಅಲ್ವಾ ಸಾಮಿ?” ಎಂದು ನಕ್ಕಳು.