ಬೋರಣ್ಣ ಅಳು ಕಲಿತದ್ದು

“ಬೋರಣ್ಣನೂ ಪರವಾಗಿಲ್ಲ ಬಿಡ್ರಿ, ನೇಯ್ತಾನೆ.”

ಮೊಳಕಾಲ್ಮೂರಿನ ಚಹಾದಂಗಡಿಯಲ್ಲಿ ಹತ್ತು ಜನರೆದುರು ನೇಕಾರ ತಿಪ್ಪಯ್ಯ ಆಡಿದ್ದು ಇಷ್ಟೇ. ಇಷ್ಟಕ್ಕೇ ಬೋರಣ್ಣನ ಹೊಟ್ಟೆಗೆ ಬೆಂಕಿ ಬಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ‘ಪರವಾಗಿಲ್ಲ’ ಎಂದವನಿಗೆ ಏನು ಮಾಡುವುದು? ಅದು ಎರಡು ಸಾವಿರದ ಎರಡನೇ ಇಸವಿ. ಬೆಂಗಳೂರಿನ ಸ್ಪರ್ಧೆಗೆಂದು ತಿಪ್ಪಯ್ಯ ಒಂದು ರೇಷ್ಮೆ ಸೀರೆ ನೇಯಲು ಹಿಡಿದಿದ್ದ. ಅದು ಗೆದ್ದರೆ ಬೋರಣ್ಣ ಸಾಯುವ ತನಕ ಎರಡನೆಯವನಾಗಿಯೇ ಇರಬೇಕು. ಆ ಸೀರೆ ಮುಗಿಯಕೂಡದು ಎಂದು ಅವನು ತೀರ್ಮಾನಿಸಿದ.

ಮಗಳು ಜಗದಾಂಬ ಚಳ್ಳಕೆರೆಯಲ್ಲಿ ಶಿಕ್ಷಕರ ತರಬೇತಿ ಓದುತ್ತಿದ್ದಳು. ರಜೆಗೆ ಬಂದವಳು ಮನಶ್ಶಾಸ್ತ್ರದ ಪುಸ್ತಕ ಬಿಟ್ಟುಹೋಗಿದ್ದಳು. ‘ಪ್ರೇರಣೆ ಮತ್ತು ಸಂವೇಗ’ ಎಂಬ ಪಾಠವನ್ನು ಬೋರಣ್ಣ ನಾಲ್ಕು ಸಲ ಓದಿದ. ಪ್ರತಿ ಕೆಲಸದ ಹಿಂದೆಯೂ ಒಂದು ಪ್ರೇರಣೆ ಇರುತ್ತದಂತೆ. ಒಳಗಿನ ಸಂವೇಗ ಮುಖದಲ್ಲಿ ಕಾಣುತ್ತದಂತೆ. ಅಂದಮೇಲೆ ತಪ್ಪು ಮಾಡಿದವರು ಸಿಕ್ಕಿಬೀಳುವುದು ಈ ಎರಡರಿಂದಲೇ. ಎರಡನ್ನೂ ಮುಚ್ಚಿಟ್ಟವನನ್ನು ಪೊಲೀಸರಲ್ಲ, ಅವರಪ್ಪ ಬಂದರೂ ಹಿಡಿಯಲಾರ.

ಮೊದಲು ಪ್ರೇರಣೆ. ಮೂರು ತಿಂಗಳು ಬೋರಣ್ಣ ಕಂಡಕಂಡವರ ಮುಂದೆ ತಿಪ್ಪಯ್ಯನನ್ನು ಹೊಗಳಿದ. ಅವನಿಗೆ ಜ್ವರ ಬಂದಾಗ ರಾಗಿ ಗಂಜಿ ಹೊತ್ತುಕೊಂಡು ಹೋದ. “ಒಡಹುಟ್ಟಿದೋರೂ ಹಿಂಗೆ ನೋಡ್ಕಣಲ್ಲ ಕಣಲೇ,” ಎಂದು ತಿಪ್ಪಯ್ಯ ಕಣ್ಣೊರೆಸಿಕೊಂಡ. ತಾನು ದ್ವೇಷಿಸುವವನಿಗೆ ಗಂಜಿ ಕುಡಿಸುವುದು ಎಷ್ಟು ಕಷ್ಟ ಎಂದು ಆ ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ.

ಆಮೇಲೆ ಮುಖ. ದಿನವೂ ಕನ್ನಡಿಯೆದುರು ದುಃಖ ಕಲಿತ. ಉಸಿರು ಕಟ್ಟಬೇಕು, ತುಟಿ ನಡುಗಬೇಕು, ಆಮೇಲೆ ಕಣ್ಣೀರು.

“ಏನ್ರೀ, ಹೊಟ್ಟೆನೋವಾ?” ಎಂದಳು ಹೆಂಡತಿ ಸೂರಮ್ಮ. ಇನ್ನೂ ಸಾಲದು ಎಂದು ಅವನಿಗೆ ಅರ್ಥವಾಯಿತು. ಮತ್ತೊಂದು ವಾರ ಅತ್ತ. ಕೊನೆಗೆ ಅವಳೂ ಪಕ್ಕದಲ್ಲಿ ಕೂತು ಅತ್ತಳು, ಯಾಕೆಂದು ಕೇಳದೆ.

ಸೀರೆ ಮುಗಿಯಲು ಇನ್ನೆಂಟು ದಿನ ಇರುವಾಗ ತಿಪ್ಪಯ್ಯನ ಮನೆಯವರೆಲ್ಲ ಚಳ್ಳಕೆರೆಗೆ ಸೀಮಂತಕ್ಕೆ ಹೋದರು. ನಡುಮಧ್ಯಾಹ್ನ, ಬೀದಿಯ ಮಗ್ಗಗಳೆಲ್ಲ ಸದ್ದು ಮಾಡುತ್ತಿರುವಾಗ, ಬೋರಣ್ಣ ಹಿತ್ತಲ ಬಾಗಿಲ ಚಿಲಕವನ್ನು ಕಡ್ಡಿಯಿಂದ ಎತ್ತಿ ಒಳಹೊಕ್ಕ. ಕತ್ತರಿಯನ್ನೂ ತಂದಿರಲಿಲ್ಲ, ತಿಪ್ಪಯ್ಯನದೇ ಅಲ್ಲಿತ್ತು. ಎಳೆಗಳು ಸಿಡಿಯದಿರಲೆಂದು, ಮಗ್ಗದುದ್ದಕ್ಕೂ ಬಿಗಿದಿದ್ದ ಹಾಸಿನ ಹಗ್ಗ ಸಡಿಲಿಸಿ, ನಟ್ಟನಡುವೆ ಎರಡು ಹಿಡಿ ಎಳೆ ಕತ್ತರಿಸಿದ. ಗಾಬರಿಬಿದ್ದವನು ಓಡುತ್ತಾನೆ, ಬುದ್ಧಿವಂತ ಕೂತು ಯೋಚಿಸುತ್ತಾನೆ. ಅವನು ಮಗ್ಗದಲ್ಲೇ ಕೂತು, ಗೋಡೆಯ ಕ್ಯಾಲೆಂಡರು ನೋಡುತ್ತ, ನಾಳೆಯ ಉಸಿರು, ತುಟಿ, ಕಣ್ಣೀರನ್ನು ಒಂದೊಂದಾಗಿ ಹೊಂದಿಸಿಕೊಂಡ. ಏಳುವಷ್ಟರಲ್ಲಿ ಬಿಸಿಲು ಹಿತ್ತಲ ಗೋಡೆಗೆ ಇಳಿದಿತ್ತು. ಹಿಂದೆ ತಿರುಗಿ ನೋಡುವುದು ತಪ್ಪಿತಸ್ಥರ ಲಕ್ಷಣ ಎಂದು ಅವನು ತಿರುಗಿಯೂ ನೋಡದೆ ಹೋದ.

ಮರುದಿನ ಬೆಳಿಗ್ಗೆ ತಿಪ್ಪಯ್ಯನ ಬಾಗಿಲಲ್ಲಿ ನಾಲ್ಕೈದು ಜನ ನಿಂತದ್ದು ಕಂಡು, ಸುದ್ದಿ ಹಬ್ಬಿದೆ ಎಂದುಕೊಂಡ. ಎದೆ ಬಡಿದುಕೊಳ್ಳುತ್ತ ಒಳನುಗ್ಗಿದ. “ಯಾವ ಪಾಪಿ ನಿನ್ನ ಹಾಸು ಕತ್ತರಿಸಿದ್ನೋ ತಿಪ್ಪಯ್ಯ! ಅವನ ಕೈ ಮುರಿಯ!” ಉಸಿರು ಕಟ್ಟಿತು, ತುಟಿ ನಡುಗಿತು, ಕಣ್ಣೀರು ಧಾರಾಕಾರ ಇಳಿಯಿತು. ಅಷ್ಟು ಚೆನ್ನಾಗಿ ಅವನು ಎಂದೂ ಅತ್ತಿರಲಿಲ್ಲ. ನೇಯುತ್ತ ಕೂತಿದ್ದ ತಿಪ್ಪಯ್ಯ ಲಾಳಿ ನಿಲ್ಲಿಸಿ, ಸೀಮಂತದ ಬುತ್ತಿ ಇಸಿದುಕೊಳ್ಳಲು ಬಂದಿದ್ದ ನೆರೆಯವರ ಮುಖ ನೋಡಿದ. “ಯಾವ ಹಾಸು?” ಬೋರಣ್ಣ ಕಣ್ಣೊರೆಸಿಕೊಂಡು ಬಗ್ಗಿದ. ಹಾಸು ಬಿಗಿಯಾಗಿ ನಿಂತಿತ್ತು. ನಟ್ಟನಡುವೆ, ಎರಡು ಹಿಡಿಯಷ್ಟು ಅಗಲಕ್ಕೆ, ತುದಿಗೆ ತುದಿ ಹೊಸೆದು ಕೂಡಿಸಿದ ಎಳೆಗಳ ಸಾಲು, ಹುಡುಕಿದರಷ್ಟೇ ಕಾಣುವಷ್ಟು ನಯವಾಗಿ. ಮುಖವನ್ನು ಅಷ್ಟು ದಿನ ಪಳಗಿಸಿದವನು ಬೆರಳುಗಳಿಗೆ ಏನೂ ಹೇಳಿರಲಿಲ್ಲ. ಅವು ಹರಿದ ಎಳೆ ಕಂಡಲ್ಲಿ ಕೂಡಿಸಿಯೇ ಬೆಳೆದವು, ನಿನ್ನೆಯೂ ಅವನು ಕ್ಯಾಲೆಂಡರು ನೋಡುತ್ತಿದ್ದಾಗ ತಮ್ಮ ಪಾಡಿಗೆ ಕೂಡಿಸಿ, ಹಗ್ಗವನ್ನೂ ಬಿಗಿದಿದ್ದವು. “ನಿನ್ನನ್ನೇ ಕೇಳ್ತಿರೋದು ಬೋರಣ್ಣ,” ಎಂದ ತಿಪ್ಪಯ್ಯ, ಮಗ್ಗದಿಂದ ಎದ್ದು ಬರುತ್ತ. “ಹಾಸು ಕತ್ತರಿಸ್ಯಾರೆ ಅಂತ ನಿಂಗ್ಯಾರು ಹೇಳಿದ್ರು?”