ಖಾಲಿ ಸಾಕೆಟ್ಟು, ಹಿತ್ತಾಳೆ ಬಿಲ್ಲೆ

“ರಾಮಚಂದ್ರಣ್ಣಾ, ಬಿರ್‍ನೆ ಬಾ! ಟೀಚರಮ್ಮನ ಮಿಸಿನ್ನು ಸತ್ತೋಗದೆ!”

ಕೋದಂಡಪ್ಪ ಹೀಗೆ ಅರಚಿದಾಗ ನಾನು ಅಂಗಡಿಯ ಮುಂದುಗಡೆ ಯಾರದೋ ಹಳೇ ರೇಡಿಯೋದ ಹೊಟ್ಟೆ ಬಗೆಯುತ್ತಿದ್ದೆ. ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹಿಂದಿನ ಕೋಣೆಗೆ ಓಡಿದೆ. ಟಿ.ವಿ. ಪರದೆಯ ತುಂಬ ಚುಕ್ಕಿಗಳು ಗುಂಯ್‌ಗುಡುತ್ತಿದ್ದವು. ಪಕ್ಕದ ಬೋರ್ಡಿನ ನಟ್ಟನಡುವೆ ಒಂದು ಸಾಕೆಟ್ಟು ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ. ಚಿಪ್ ಇಲ್ಲ!

ಇದು ಸಾವಿರದ ಒಂಬೈನೂರ ಎಂಬತ್ತೇಳರ ಮಾತು. ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ನನ್ನ ರೇಡಿಯೋ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾವು ನಾಲ್ವರು ಸೇರಿ ಒಂದು ಕಂಪ್ಯೂಟರ್ ಕಟ್ಟಿದ್ದೆವು. ಹುಚ್ಚರು ಎಂದು ಊರೆಲ್ಲ ನಕ್ಕಿತ್ತು. ಟಿ.ವಿ. ನನ್ನದು. ಟೇಪ್ ರೆಕಾರ್ಡರ್ ಕೋದಂಡಪ್ಪನದು, ಮಾವನ ಮನೆಯ ಉಡುಗೊರೆ. ಅವನು ಗಣಿಯಲ್ಲಿ ಆಳುಗಳನ್ನು ಇಳಿಸಿ ಏರಿಸುವ ಕೇಜಿನ ಎಂಜಿನ್ ಡ್ರೈವರ್. ಬೆಸುಗೆ ಎಲ್ಲರದು. ಆದರೆ ಜೀವ ಮಾತ್ರ ವೆಂಕಟರತ್ನಮ್ಮನದು.

ವೆಂಕಟರತ್ನಮ್ಮ ಪಕ್ಕದ ಗಣಿಯಾದ ಮೈಸೂರು ಮೈನ್ಸ್‌ನ ಶಾಲೆಯಲ್ಲಿ ಗಣಿತದ ಟೀಚರು. ಮೂಗಿನ ತುದಿಯಲ್ಲೇ ಕೋಪ, ತಲೆಯ ತುಂಬ ಬೆಳಕು. ವರ್ಷಗಟ್ಟಲೆ ಕೂತು ಅವರು ಬರೆದ ಪ್ರೋಗ್ರಾಮು ಆ ಚಿಪ್ಪಿನಲ್ಲಿತ್ತು. ಸ್ವಿಚ್ ಒತ್ತಿದರೆ ಪರದೆಯ ಎಡಕ್ಕೆ ಗಡಿಯಾರ ಓಡುವುದು, ಬಲಕ್ಕೆ ಮಗ್ಗಿ ಇಳಿಯುವುದು. ಇರುವುದು ಒಂದೇ ಮೆದುಳು, ಸರದಿಯ ಮೇಲೆ ಮಾಡುವ ಕೆಲಸ ಎರಡು. ತಾನು ಕಾಯುತ್ತಿದ್ದೇನೆಂದು ಗಡಿಯಾರಕ್ಕೂ ಗೊತ್ತಿಲ್ಲ, ಮಗ್ಗಿಗೂ ಗೊತ್ತಿಲ್ಲ! ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ನಾಲ್ಕನೆಯವರು ಜಯರಾಮಪ್ಪ ಮೇಷ್ಟ್ರು. ಬಂಗಾರಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು, ನಮ್ಮ ಕೂಟದ ಅಧ್ಯಕ್ಷರು. ಅವರದು ಒಂದೇ ಹಟ. “ಇದಕ್ಕೆ ಡಿಸ್ಕ್ ಇಲ್ಲ, ಫೈಲ್ ಇಲ್ಲ. ಇದನ್ನ ಆಪರೇಟಿಂಗ್ ಸಿಸ್ಟಮ್ ಅಂತ ಯಾರಮ್ಮ ಕರೀತಾರೆ? ಬರೀ ಒಂದು ಪುಟ್ಟ ಪ್ರೋಗ್ರಾಮು!”

ವೆಂಕಟರತ್ನಮ್ಮ ಆಗೆಲ್ಲ ಗೋಡೆಯತ್ತ ಬೆರಳು ತೋರಿಸುತ್ತಿದ್ದರು. ಅಲ್ಲೊಂದು ಹಲಗೆ. ‘ಒಳಗೆ’ ಎಂದು ಒಂದು ಸಾಲು ಮೊಳೆ, ‘ಹೊರಗೆ’ ಎಂದು ಇನ್ನೊಂದು ಸಾಲು. ಅವರ ತಂದೆ ಗಣಿಯ ಬಿಲ್ಲೆ ಕಿಟಕಿಯಲ್ಲಿ ಕೂರುತ್ತಿದ್ದವರು. ಇಳಿಯುವವನು ಹಿತ್ತಾಳೆ ಬಿಲ್ಲೆ ಪಡೆದು ಇಳಿಯಬೇಕು, ಬಂದವನು ಹಿಂದಿರುಗಿಸಬೇಕು. ಬಿಲ್ಲೆ ಬರಲಿಲ್ಲವೆಂದರೆ ಮನುಷ್ಯ ಇನ್ನೂ ಕೆಳಗಿದ್ದಾನೆಂದೇ ಅರ್ಥ.

“ಕೇಜು ಒಂದು, ಆಳು ನೂರಾರು. ಯಾರು ಕೆಳಗಿದಾರೆ, ಯಾರು ಬಂದ್ರು, ಈಗ ಯಾರ ಸರದಿ—ಇದನ್ನ ಒಬ್ರು ನೋಡ್ಕೋಬೇಕು. ನನ್ನ ಪ್ರೋಗ್ರಾಮು ಅದನ್ನೇ ಮಾಡುತ್ತೆ ಸಾರ್. ಅದು ಆಪರೇಟಿಂಗ್ ಸಿಸ್ಟಮ್ ಅಲ್ದಿದ್ರೆ ಇನ್ನೇನು?”

ಅದೇ ನೆನಪಿಗೆ ನಮ್ಮ ನಾಲ್ವರ ಬಿಲ್ಲೆಗಳನ್ನೂ ಅವರು ಅಲ್ಲಿ ತೂಗುಹಾಕಿಸಿದ್ದರು. ಬಂದಾಗ ‘ಒಳಗೆ’, ಹೋಗುವಾಗ ‘ಹೊರಗೆ’. ಗಣಿಯ ಊರಿನವರಿಗೆ ಅದು ಕೈಗೇ ಬಂದ ಅಭ್ಯಾಸ. ಮೇಷ್ಟ್ರು ಮಾತ್ರ ಸದಾ ಮರೆಯುವವರು. ಅವರ ಬಿಲ್ಲೆ ಯಾವಾಗಲೂ ‘ಒಳಗೆ’. “ಮೇಷ್ಟ್ರು ಇನ್ನೂ ಗಣಿಯಿಂದ ಎದ್ದಿಲ್ಲ” ಎಂದು ನಾವು ರೇಗಿಸುತ್ತಿದ್ದೆವು.

ಈಗ ಚಿಪ್ಪೇ ಇಲ್ಲ! ಅದೂ ಈ ದಿನವೇ! ಮಧ್ಯಾಹ್ನದ ರೈಲಿಗೆ ಬೆಂಗಳೂರಿನಿಂದ ತೀರ್ಪುಗಾರರು ಬರುವವರಿದ್ದರು. ಇದು ಆಪರೇಟಿಂಗ್ ಸಿಸ್ಟಮ್ ಎಂದು ಅವರು ಒಪ್ಪಿದರೆ ಯಂತ್ರ ರಾಜ್ಯದ ಪ್ರದರ್ಶನಕ್ಕೆ ಹೋಗುತ್ತದೆ, ವೆಂಕಟರತ್ನಮ್ಮನ ಹೆಸರಿನಲ್ಲಿ. ಬರೆದ ಹಾಳೆಗಳೇನೋ ಇದ್ದವು. ಆದರೆ ಅದನ್ನು ಮತ್ತೆ ಚಿಪ್ಪಿಗೆ ಇಳಿಸಲು ಬೆಂಗಳೂರಿಗೇ ಹೋಗಬೇಕು. ಮಧ್ಯಾಹ್ನದೊಳಗೆ ಆಗುವ ಮಾತಲ್ಲ.

ವೆಂಕಟರತ್ನಮ್ಮ ಬಂದರು. ಸಾಕೆಟ್ಟನ್ನು ನೋಡಿದರು. ಮುಖದ ಬಣ್ಣವೇ ಇಳಿದುಹೋಯಿತು. ನಂತರ ಕೋದಂಡಪ್ಪನ ಕಡೆ ತಿರುಗಿದರು.

“ನಿನ್ನೆ ಬೀಗ ಹಾಕಿದ್ದು ನೀನು. ಇವತ್ತು ತೆಗೆದದ್ದೂ ನೀನು.”

“ಟೀಚರಮ್ಮಾ! ನಾನ್ಯಾಕೆ ಮುಟ್ಲಿ? ನನ್ ಮಕ್ಕಳಾಣೆಗೂ...” ಅಷ್ಟು ದೊಡ್ಡ ಆಳು ಅಳತೊಡಗಿದ.

ಅಷ್ಟರಲ್ಲಿ ಮೇಷ್ಟ್ರೂ ಬಂದರು. “ಈಗ ತಾನೇ ರೈಲಿಳಿದೆ. ಏನಾಯ್ತು? ಅಯ್ಯೋ!” ಎಂದವರು ಬೆವರು ಒರೆಸಿಕೊಂಡು ಕುರ್ಚಿಗೆ ಒರಗಿದರು.

ನಾನು ಓಡಿಹೋಗಿ, ದಾರಿಯುದ್ದಕ್ಕೂ ಎಲ್ಲವನ್ನೂ ಹೇಳುತ್ತ ಮುನಿನಾರಾಯಣಪ್ಪನನ್ನು ಕರೆತಂದೆ. ಗಣಿಯ ಕಾವಲು ಪಡೆಯಲ್ಲಿ ಆಯುಸ್ಸು ಸವೆಸಿದ ಮನುಷ್ಯ. ಊಟದ ಡಬ್ಬಿ, ತಲೆಗೂದಲು, ಬೂಟಿನ ಅಟ್ಟೆ—ಚಿನ್ನ ಎಲ್ಲಿ ಅಡಗಿದ್ದರೂ ಹಿಡಿದು ತೆಗೆದವನು. ಈಗ ನಿವೃತ್ತ. ಆದರೆ ಕಣ್ಣಿಗೆ ನಿವೃತ್ತಿಯೆಲ್ಲಿ?

ಅವನು ಒಂದು ಸುತ್ತು ಕೋಣೆ ನೋಡಿದ.

“ಟಿ.ವಿ. ಐತೆ. ಟೇಪ್ ರೆಕಾರ್ಡ್ರು ಐತೆ. ಮಾರಿದ್ರೆ ಕಾಸು ಬರೋವೆಲ್ಲ ಇಲ್ಲೇ ಅವೆ. ಬೀಗದ ಕೈ ಎಲ್ಲಿಡ್ತೀರಾ?”

“ಹಿತ್ತಲಿನ ನೀರಿನ ಡ್ರಮ್ಮಿನ ಹಿಂದೆ. ನಾಲ್ವರಿಗೂ ಗೊತ್ತು” ಎಂದೆ.

“ಅಂಗಾದ್ರೆ ನಾಲ್ವರಲ್ಲೇ ಒಬ್ರು. ಒಂದು ಮಾತು ಕೇಳ್ತೀನಿ, ಟೀಚರಮ್ಮನ್ನ ಬಿಟ್ಟು ಎಲ್ಲರೂ ಹೇಳ್ಬೇಕು. ಆಪರೇಟಿಂಗ್ ಸಿಸ್ಟಮ್ಮನ್ನ ಕದೀಬೇಕು ಅಂದ್ರೆ ನೀವು ಏನು ಎತ್ಕೊಂಡು ಓಗ್ತೀರಿ? ಕೋದಂಡ?”

“ಕ್ಯಾಸೆಟ್ಟು ಅಣ್ಣಾ. ಸಿನಿಮಾ ಆಡೆಲ್ಲ ಅದ್ರಾಗೇ ಇರೋದಲ್ವಾ? ಇದೂ ಅಂಗೇ ಅಂದ್ಕೊಂಡಿದ್ದೆ.”

“ನೀನು, ರಾಮಚಂದ್ರ?”

“ಇಡೀ ಬೋರ್ಡು. ಬಿಚ್ಚಿ ನೋಡೋದೇ ನನ್ನ ಕಸುಬು.”

“ಮೇಷ್ಟ್ರೇ?”

“ಇಲ್ಲಿ ಆಪರೇಟಿಂಗ್ ಸಿಸ್ಟಮ್ಮೇ ಇಲ್ಲ, ಕದಿಯೋದೆಲ್ಲಿ ಬಂತು?” ಮೇಷ್ಟ್ರ ದನಿ ಏಕೋ ಒಣಗಿತ್ತು.

ಮುನಿನಾರಾಯಣಪ್ಪ ತಲೆಯಾಡಿಸಿದ. ಬಗ್ಗಿ ಸಾಕೆಟ್ಟಿಗೆ ಟಾರ್ಚ್ ಬಿಟ್ಟ. “ಒಂದು ಗೀರಿಲ್ಲ. ಮಗೂನ ತೊಟ್ಟಿಲಿಂದ ಎತ್ತಿದಂಗೆ ಎತ್ತವ್ರೆ. ಕೋದಂಡ, ಬೆಳಿಗ್ಗೆ ಬಾಗಿಲು ತೆಗೆದಾಗ ಯಾರೋ ಬಂದು ಓಗವ್ರೆ ಅಂತ ಅನ್ನಿಸ್ಲಿಲ್ವಾ?”

“ಇಲ್ಲಣ್ಣ. ಬಿಲ್ಲೆಗಳು ಎಲ್ಲಾ ‘ಒರಗೆ’ ಸಾಲಲ್ಲೇ ನೆಟ್ಟಗಿದ್ವು. ಯಾರೂ ಬಂದಿಲ್ಲ ಅಂದ್ಕೊಂಡೆ.”

“ಎಲ್ಲಾ?”

“ಊಂ. ನಾಲ್ಕೂ.”

“ನಿನ್ನೆ ನೀನು ಬೀಗ ಹಾಕುವಾಗ?”

“ಮೂರು ಒರಗೆ. ಮೇಷ್ಟ್ರದು ಮಾತ್ರ ಎಂದಿನಂಗೆ ಒಳ...”

ಕೋದಂಡಪ್ಪನ ಬಾಯಿ ತೆರೆದೇ ಉಳಿಯಿತು. ನಾವೆಲ್ಲ ಗೋಡೆಯ ಕಡೆ ತಿರುಗಿದೆವು. ಬೆಳಗಿನಿಂದ ಎಷ್ಟು ಸಲ ಆ ಹಲಗೆಯ ಮುಂದೆ ಓಡಾಡಿದ್ದೆವೋ! ಎಲ್ಲ ಸರಿಯಾಗಿದೆ ಎಂದು ಕಂಡದ್ದರಿಂದಲೇ ಯಾರೂ ಸರಿಯಾಗಿ ನೋಡಿರಲಿಲ್ಲ.

“ಯಾರೋ ಮೇಷ್ಟ್ರ ಮೇಲೆ ತಪ್ಪು ಹೊರಿಸೋಕೆ ಹಾಗೆ ಮಾಡಿರಬಹುದಲ್ಲ?” ಎಂದೆ ನಾನು.

“ತಪ್ಪು ಹೊರಿಸೋನು ಬಿಲ್ಲೆನ ‘ಒಳಗೆ’ನೇ ಬಿಡ್ತಿದ್ದ. ‘ನಾನು ಇಲ್ಲಿರ್ಲಿಲ್ಲ’ ಅಂತ ತೋರಿಸ್ಕೊಳ್ಳೋ ಅವಸರ ಬಿಲ್ಲೆಯ ಯಜಮಾನನಿಗೆ ಮಾತ್ರ.” ಮುನಿನಾರಾಯಣಪ್ಪ ಮೇಷ್ಟ್ರ ಎದುರಿಗೆ ಬಂದು ನಿಂತ. “ಎಂದೂ ನೆನಪಾಗದ ಬಿಲ್ಲೆ ನಿನ್ನೆ ಯಾಕೆ ನೆನಪಾಯ್ತು, ಮೇಷ್ಟ್ರೇ?”

ಮೇಷ್ಟ್ರು ಕನ್ನಡಕದ ಡಬ್ಬಿ ತೆರೆದರು. ಬೆಳ್ಳಿ ಬಣ್ಣದ ಸಿಗರೇಟು ಕಾಗದದಲ್ಲಿ ಜೋಪಾನವಾಗಿ ಸುತ್ತಿದ್ದ ಚಿಪ್ಪು! ಅದನ್ನು ಅವರು ವೆಂಕಟರತ್ನಮ್ಮನ ಅಂಗೈಯಲ್ಲಿಟ್ಟರು.

“ಅಧ್ಯಕ್ಷ ಅಂತ ತೀರ್ಪುಗಾರರು ನನ್ನನ್ನೇ ಮೊದಲು ಕೇಳ್ತಾರೆ. ಅಲ್ಲ ಅನ್ನೋಕೆ ಒಂದು ತಪ್ಪಾದ್ರೂ ಸಿಗಲಿ ಅಂತ ನಿನ್ನೆ ರಾತ್ರಿ ಬಂದು ತಗೊಂಡು ಹೋದೆ, ಬೆಳಿಗ್ಗೆ ಕಾಲೇಜಿನ ಲ್ಯಾಬಿನಲ್ಲಿ ಪೂರ್ತಿ ಓದಿದೆ. ಯಾರೂ ಬರೋ ಮೊದಲೇ ತಂದಿಡೋಣ ಅಂದ್ಕೊಂಡಿದ್ದೆ. ಬಂದ್ರೆ ಎಲ್ಲರೂ ಇಲ್ಲೇ ಇದೀರಿ. ಬಾಯಿ ಬರ್ಲಿಲ್ಲಮ್ಮ. ಹೊಟ್ಟೆಕಿಚ್ಚು ಅಂತಾನೇ ಇಟ್ಕೊಳ್ಳಿ.”

“ತಪ್ಪು ಸಿಕ್ತಾ?” ವೆಂಕಟರತ್ನಮ್ಮನ ಕಣ್ಣಿನಲ್ಲಿ ಕೆಂಡ.

“ಇಲ್ಲ. ಅಷ್ಟು ಸಣ್ಣ ಜಾಗದಲ್ಲಿ ಅಷ್ಟನ್ನ ಹೇಗೆ ಕೂರಿಸಿದಿರಿ ಅಂತ ಇನ್ನೂ ತಲೆ ತಿರುಗ್ತಿದೆ.”

ಮುನಿನಾರಾಯಣಪ್ಪ ನಕ್ಕುಬಿಟ್ಟ. “ಗಣಿಯಿಂದ ಬರೀ ಕಲ್ಲನ್ನ ಬಚ್ಚಿಟ್ಕೊಂಡು ಬಂದೋನ್ನ ನಾನು ಒಬ್ಬನ್ನೂ ಕಾಣೆ. ಬಾಯಲ್ಲಿ ಕಲ್ಲು ಅಂದ್ರಿ, ಕದ್ದಿದ್ದು ಮಾತ್ರ ಚಿನ್ನಾನೇ. ಈ ಕೋಣೆಯೊಳಗೆ ಯಾವುದು ಆಪರೇಟಿಂಗ್ ಸಿಸ್ಟಮ್ಮು ಅಂತ ನಿಮ್ಮ ಕೈಗೆ ಗೊತ್ತಿತ್ತು ಮೇಷ್ಟ್ರೇ.”

ಮೇಷ್ಟ್ರು ತಲೆ ತಗ್ಗಿಸಿದರು. ಆಮೇಲೆ ಎದ್ದು ಕೋದಂಡಪ್ಪನ ಎರಡೂ ಕೈ ಹಿಡಿದರು. ವೆಂಕಟರತ್ನಮ್ಮನೂ ಅವನ ಹತ್ತಿರ ಹೋಗಿ, “ತಪ್ಪು ನಂದು ಕಣಪ್ಪ, ಅವಸರ ಪಟ್ಟೆ” ಎಂದರು. ಕೋದಂಡಪ್ಪ ಅಳುತ್ತಲೇ, “ಮೊದ್ಲು ಅದನ್ನ ಕೂರ್ಸಿ ಟೀಚರಮ್ಮಾ, ರೈಲು ಬರೋ ಒತ್ತಾಯ್ತು” ಎಂದ.

ಚಿಪ್ ಕೂತಿತು. ಎಡಕ್ಕೆ ಗಡಿಯಾರ ಓಡಿತು, ಬಲಕ್ಕೆ ಮಗ್ಗಿ ಇಳಿಯಿತು. ನಾನು ಜೋರಾಗಿ ಚಪ್ಪಾಳೆ ತಟ್ಟಿದೆ.

ತೀರ್ಪುಗಾರರು ಬಂದು ಬಹಳ ಹೊತ್ತು ಪರದೆಯನ್ನು ನೋಡಿದರು. ನಂತರ ಕೇಳಿದರು: “ಅಧ್ಯಕ್ಷರೇ, ಡಿಸ್ಕ್ ಇಲ್ಲವಲ್ಲ? ಇದು ಆಪರೇಟಿಂಗ್ ಸಿಸ್ಟಮ್ ಅಂತ ಹೇಗೆ ಹೇಳ್ತೀರಿ?”

ವೆಂಕಟರತ್ನಮ್ಮ ಸೆರಗಿನ ತುದಿಯನ್ನು ಹಿಂಡುತ್ತಿದ್ದರು.

ಮೇಷ್ಟ್ರು ಎದ್ದು ಗೋಡೆಯ ಹಲಗೆಯ ಹತ್ತಿರ ಹೋದರು. ತಮ್ಮ ಬಿಲ್ಲೆಯನ್ನು ತೆಗೆದು ‘ಒಳಗೆ’ ಸಾಲಿಗೆ ತೂಗುಹಾಕಿದರು. “ಕೇಜು ಒಂದು, ಆಳು ನೂರಾರು ಸಾರ್...” ಎಂದು ಶುರುಮಾಡಿದರು. ವೆಂಕಟರತ್ನಮ್ಮನ ಮಾತುಗಳನ್ನೇ, ಒಂದೂ ಬಿಡದೆ, ಅವರ ಹೆಸರು ಹೇಳಿಯೇ ಒಪ್ಪಿಸಿದರು.

ತೀರ್ಪುಗಾರರು ಒಪ್ಪಿದರು.

ಸಂಜೆ ಎಲ್ಲರೂ ಹೊರಟೆವು. ಮೇಷ್ಟ್ರು ಬಂಗಾರಪೇಟೆಯ ರೈಲಿಗೆ ಆಗಲೇ ಓಡಿದ್ದರು. ಎಂದಿನಂತೆ ಅವರ ಬಿಲ್ಲೆ ‘ಒಳಗೆ’ಯೇ ಉಳಿದಿತ್ತು. ಕೋದಂಡಪ್ಪ ಅದನ್ನು ತೆಗೆಯಲು ಕೈ ಚಾಚಿದ.

“ಬೇಡ, ಇರ್ಲಿ ಬಿಡು” ಎಂದರು ವೆಂಕಟರತ್ನಮ್ಮ. “ಅವರು ಒಳಗೇ ಇರ್ಲಿ.”