ಗೊಣ್ಣೆ ಮುಟ್ಟಿದ ಕೆಂಪು ಗುಂಡಿ

"ಅಯ್ಯಯ್ಯೋ... ಛೀ! ಏನ್ರೀ ಇದು?!"

ಇನ್ಸ್‌ಪೆಕ್ಟರ್ ಮೇಡಂ ಕಿರುಚಿದ ರಭಸಕ್ಕೆ ಕಾಫಿ ಅಂಗಡಿಯ ಅಡುಗೆಮನೆಯಲ್ಲಿ ಯಾರದೋ ಕೈಯಿಂದ ತಟ್ಟೆ ಜಾರಿ ಬಿತ್ತು.

ಹೋಟೆಲುಗಳ ಅಡುಗೆಮನೆ ತಪಾಸಣೆ ಮಾಡುವುದು ಅವಳ ಕೆಲಸ. ಹಿಟ್ಟಿನ ಡಬ್ಬದಲ್ಲಿ ಇಲಿ ಹಿಕ್ಕೆ, ಸಾಸ್ ಬಾಟಲಿಯಲ್ಲಿ ಹುಳ, ಹಳಸಿದ ಮಾಂಸದ ಮೇಲೆ ಎದ್ದ ಬೂಷ್ಟು... ಏನೆಲ್ಲ ಕಂಡವಳು! ಆದರೆ ಇವತ್ತು ಫ್ರಿಜ್‌ನಲ್ಲಿ ಹಾಲಿನ ಹಿಂದೆ ಅಡಗಿಸಿಟ್ಟಿದ್ದ ಡಬ್ಬಿಯ ಮುಚ್ಚಳ ತೆಗೆದು ಗ್ಲೌಸ್ ತೊಟ್ಟ ಬೆರಳಿಟ್ಟರೆ, ಹಸಿರು ಲೋಳೆ! ಲೋಳೆಯಲ್ಲಿ ಕೂದಲು! ಕೂದಲಿನ ಮಧ್ಯೆ ಹಲ್ಲು!

"ಮೇಡಂ, ಚೆಲ್ಲಬೇಡಿ! ಅದು ಪಿಶಾಚಿ ಜೊಲ್ಲು!"

ಒಬ್ಬ ಓಡಿ ಬಂದ. ಕೆದರಿದ ತಲೆ, ಅಂಗಿಯ ತುಂಬ ರಕ್ತದಂಥ ಕೆಂಪು ಕಲೆ. ಮುಖದಲ್ಲಿ ಮಾತ್ರ ಮಗುವಿನ ಗಾಬರಿ.

"ಯಾರ ಜೊಲ್ಲು?"

"ಪಿಶಾಚಿದು. ನಾನೇ ಮಾಡಿದ್ದು. ಅಂಟು, ಗ್ಲಿಸರಿನ್, ಹಸಿರು ಬಣ್ಣ... ಹಲ್ಲು ಪ್ಲಾಸ್ಟರ್‌ದು. ಕೂದಲು... ಕೂದಲು ಅಕ್ಕಂದು."

"ತಿನ್ನೋ ಪದಾರ್ಥದ ಪಕ್ಕ ಕೂದಲು ಇಡ್ತೀರಾ? ಹೇಸಿಗೆ ಅನ್ಸಲ್ವಾ ನಿಮಗೆ?"

"ಅನ್ನಿಸ್ಲಿ ಅಂತಾನೇ ಮಾಡಿದ್ದು ಮೇಡಂ..." ಅಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ.

ಅಂಗಡಿಯ ಒಡತಿ, ಅಂದರೆ ಅವನ ಅಕ್ಕ, ಹಣೆ ಹಣೆ ಚಚ್ಚಿಕೊಂಡಳು. "ನನ್ನ ತಮ್ಮ ಮೇಡಂ. ಭಾನುವಾರ ಅಂಗಡಿಗೆ ರಜಾ ಅಲ್ವಾ, ಆಗ ಇಲ್ಲೇ ಮೇಜು ಹಾಕ್ಕೊಂಡು ಅದೇನೋ ಆಟ ಆಡ್ತಾರೆ. ಎಂಬತ್ತರ ದಶಕದ ಕಾಲ ಅಂತೆ, ಇವರೆಲ್ಲ ಹದಿನೈದು ವರ್ಷದ ಹುಡುಗರಂತೆ, ಸೈಕಲ್ ಹತ್ಕೊಂಡು ದೆವ್ವ ಹುಡುಕ್ತಾರಂತೆ! ಮದುವೆ ವಯಸ್ಸಿನ ಕತ್ತೆಗಳು!"

ಮೇಡಂ ನಗಲಿಲ್ಲ. ಹಿತ್ತಲಿಗೆ ಹೋಗಿ ಸಿಂಕಿನ ಎಣ್ಣೆ ಜಿಡ್ಡು ಬಂದು ನಿಲ್ಲುವ ತೊಟ್ಟಿಯ ಮುಚ್ಚಳ ಎತ್ತಿಸಿದಳು. ಗಪ್ಪೆಂದು ಬಡಿದ ನಾತಕ್ಕೆ ಕರುಳು ಬಾಯಿಗೆ ಬಂದಂತಾಯಿತು. ತೊಟ್ಟಿ ಒಡೆದು ಸರಿ ಮಾಡಿಸಬೇಕು, ಇಲ್ಲದಿದ್ದರೆ ಅಂಗಡಿಗೆ ಬೀಗ ಎಂದು ಖಡಾಖಂಡಿತವಾಗಿ ಹೇಳಿ ಹೊರಟಳು.

ಪಿಶಾಚಿ ಮಾಡಿದ ಆ ಮಹಾಶಯ ಬಾಗಿಲವರೆಗೂ ಬೆನ್ನು ಹತ್ತಿದ.

"ಮೇಡಂ, ಒಂದು ಮಾತು. ಎಲ್ಲರೂ ನನ್ನ ಪಿಶಾಚಿ ನೋಡಿ ನಗ್ತಾರೆ. ಕಿರುಚಿದವರು ನೀವೊಬ್ಬರೇ. ಹೇಸಿಗೆ ಅಂದ್ರೆ ಏನು ಅಂತ ನಿಮ್ಮಷ್ಟು ಬಲ್ಲವರು ಯಾರಿದ್ದಾರೆ? ಭಾನುವಾರ ಬನ್ನಿ!"

ಎಂಥ ಹುಚ್ಚ ಇವನು! ಎಂದುಕೊಂಡಳು. ಆದರೆ ದಾರಿಯುದ್ದಕ್ಕೂ 'ಕೂದಲು ಅಕ್ಕಂದು' ಎಂದಾಗಿನ ಆ ಮುಖ ನೆನಪಾಗಿ ಒಬ್ಬಳೇ ನಕ್ಕಳು. ಭಾನುವಾರ ಮಧ್ಯಾಹ್ನ ಹೋಗಿಯೂ ಬಿಟ್ಟಳು!

* * *

ಅರ್ಧ ಇಳಿಸಿದ ಶಟರ್, ಒಳಗೆ ಉದ್ದ ಮೇಜು. ಅಲ್ಲಿ ಅಕ್ಕ ಇದ್ದಳು. ದಪ್ಪ ಕನ್ನಡಕದ ಸೈಕಲ್ ರಿಪೇರಿಯವನಿದ್ದ, ಅವನನ್ನು ಎಲ್ಲರೂ ಕರೆಯುತ್ತಿದ್ದುದು ಸೋಡಾಬುಡ್ಡಿ ಎಂದು. ಕಥೆ ನಡೆಸುವವನು ತಮ್ಮ, ಅವನಿಗೆ ಸೂತ್ರಧಾರ ಎಂದು ಹೆಸರು. ಅವನು ಊರನ್ನು, ಕತ್ತಲನ್ನು, ಪಿಶಾಚಿಯನ್ನು ವರ್ಣಿಸಿ "ಈಗ ಏನ್ ಮಾಡ್ತೀಯ?" ಎಂದು ಕೇಳುತ್ತಾನೆ. ಆಡುವವರು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳಿ ದಾಳ ಉರುಳಿಸುತ್ತಾರೆ. ಇಷ್ಟೇ ಆಟ.

ಮೇಜಿನ ನಡುವೆ ಒಂದು ದೊಡ್ಡ ಕೆಂಪು ಗುಂಡಿ ಇತ್ತು, ಯಾವುದೋ ಹಳೇ ಕೋಟಿನದು.

"ಕಥೆ ಯಾರಿಗಾದ್ರೂ ಸಹಿಸೋಕೆ ಆಗದಿದ್ರೆ ಈ ಗುಂಡಿ ಮುಟ್ಟಬೇಕು," ಎಂದ ಸೂತ್ರಧಾರ. "ಅಲ್ಲಿಗೇ ಕಥೆ ನಿಲ್ಲುತ್ತೆ. ಯಾಕೆ ಮುಟ್ಟಿದೆ ಅಂತ ಯಾರೂ ಕೇಳೋ ಹಾಗಿಲ್ಲ. ಯಾವತ್ತೂ."

ಅವಳ ಪಾತ್ರಕ್ಕೆ ಹೆಸರು ಬೇಕಿತ್ತು. ಏನನ್ನಿಸಿತೋ, "ಗೊಣ್ಣೆ!" ಎಂದುಬಿಟ್ಟಳು. ಗೊಣ್ಣೆ ಹದಿನೈದರ ಹುಡುಗಿ. ನೆಲಕ್ಕೆ ಬಿದ್ದದ್ದನ್ನು ಊದಿ ತಿನ್ನುವವಳು, ಚರಂಡಿಗೆ ಕೈ ಹಾಕಿ ಚೆಂಡು ತೆಗೆಯುವವಳು, ಯಾವುದಕ್ಕೂ ಹೇಸದವಳು.

ನಿಜವಾದ ಮೇಡಂ ಮಾತ್ರ ಆಟದಲ್ಲೂ ಗ್ಲೌಸ್ ಬಿಚ್ಚುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ದಿನವಿಡೀ ಸೋಪು, ಔಷಧಿ ನೀರು ತಾಗಿ ತಾಗಿ ಅವಳ ಕೈಗೆ ಇಸುಬು ಹತ್ತಿತ್ತು. ಅಂಟುವ ರೋಗವೇನಲ್ಲ. ಆದರೆ ನೋಡಲು... ಬೆರಳ ಸಂದಿಯಲ್ಲಿ ಕೆಂಪು ಬಿರುಕು, ಅಂಗೈಯಲ್ಲಿ ಪದರ ಪದರವಾಗಿ ಏಳುವ ಚರ್ಮ, ಕೆಲವೊಮ್ಮೆ ಒಸರುವ ನೀರು. ಹಿಂದೆ ಒಬ್ಬ ಅವಳನ್ನು ಮದುವೆಯಾಗುತ್ತೇನೆ ಎಂದಿದ್ದ. ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಪ್ರೀತಿಯಿಂದಲೇ ಕೈ ಹಿಡಿದ. ಬಿಟ್ಟ. ಆಮೇಲೆ, ತನಗೇ ಗೊತ್ತಿಲ್ಲದಂತೆ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಜಗಳವಿಲ್ಲ, ಮಾತಿಲ್ಲ. ಅವಳು ಮನೆಗೆ ಬಂದು ಕೈ ಕಿತ್ತುಹೋಗುವಷ್ಟು ಉಜ್ಜಿ ತೊಳೆದಿದ್ದಳು. ಅವತ್ತಿನಿಂದ ಗ್ಲೌಸ್.

ಭಾನುವಾರಗಳು ಬಂದವು, ಹೋದವು. ಗೊಣ್ಣೆಯ ಗುಂಪು ಶಾಲೆಯಿಂದ ಕಾಣೆಯಾದ ಹುಡುಗಿಯನ್ನೂ ಪಿಶಾಚಿಯನ್ನೂ ಹುಡುಕುತ್ತ ಸೈಕಲ್ ತುಳಿಯಿತು. ಆಟದಲ್ಲಿ ಸೂತ್ರಧಾರ ಅವಳನ್ನು "ನೀನು" ಎನ್ನುತ್ತಿದ್ದ, ಹದಿನೈದರ ಹುಡುಗಿಗೆ ಬಹುವಚನ ಯಾಕೆ! ಮೇಜಿನಿಂದ ಎದ್ದ ಕೂಡಲೇ ಮತ್ತೆ "ಮೇಡಂ, ನೀವು". ಆ "ನೀನು" ಕೇಳುವ ಆಸೆಗೇ ಅವಳು ಶನಿವಾರ ರಾತ್ರಿ ನಿದ್ದೆಗೆಡುತ್ತಿದ್ದಳು ಎಂದರೆ ನಂಬುತ್ತೀರಾ?

ಒಂದು ಭಾನುವಾರ ಆಟ ಮುಗಿದ ಮೇಲೆ ಯಾರೂ ಇಲ್ಲವೆಂದು ಗ್ಲೌಸ್ ಬಿಚ್ಚಿ ಕಪ್ಪು ತೊಳೆಯುತ್ತಿದ್ದಳು. ತಿರುಗಿದರೆ, ಟವೆಲ್ ಹಿಡಿದು ಅವನು ನಿಂತಿದ್ದ!

ಅವನ ಕಣ್ಣು ಅವಳ ಕೈ ಮೇಲಿತ್ತು. ಅವಳು ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು. ಅವನು ಟವೆಲ್ ಇಟ್ಟು ಏನೂ ಹೇಳದೆ ಹೋದ.

ನೋಡಿಬಿಟ್ಟನಾ? ಹೇಸಿಗೆಪಟ್ಟನಾ? ಒಂದು ಮಾತಾದರೂ ಆಡಬಾರದಿತ್ತಾ...

* * *

ಮುಂದಿನ ಭಾನುವಾರ ಕಥೆ ನೀರಿಲ್ಲದ ಈಜುಕೊಳಕ್ಕೆ ಬಂದಿತ್ತು. ಶಾಲೆಯ ಹಿಂದಿನ ಕೊಳ, ತಳದಲ್ಲಿ ಪಾಚಿ, ಕೊಳೆತ ಎಲೆ, ಸತ್ತ ಕಪ್ಪೆಗಳ ನಾತ. ಸೂತ್ರಧಾರ ದನಿ ತಗ್ಗಿಸಿದ.

"ಮೂಲೆಯಲ್ಲಿ ಯಾರೋ ಕೂತಿದ್ದಾರೆ. ಹುಡುಗಿ. ಟಾರ್ಚ್ ಬಿಟ್ಟು ನೋಡಿದ್ರೆ... ಅವಳ ಕೈ... ಚರ್ಮ ಪದರ ಪದರವಾಗಿ ಏಳ್ತಿದೆ. ಬೆರಳ ಸಂದಿಯಲ್ಲಿ ನೀರು ಒಸರ್ತಿದೆ."

ಅವಳು ಎರಡೂ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡಳು.

"ಥೂ! ಮುಟ್ಬೇಡ್ರೋ, ಅಂಟ್ಕೊಳ್ಳುತ್ತೆ!" ಸೋಡಾಬುಡ್ಡಿ ಕುರ್ಚಿ ಮೇಲೆ ಕಾಲೆತ್ತಿಕೊಂಡ. "ನಾನು ಪೆಟ್ರೋಲ್ ಸುರಿದು ಬೆಂಕಿ ಹಚ್ತೀನಿ!"

ಅಕ್ಕ ನಕ್ಕಳು. ಸೂತ್ರಧಾರ ನಗಲಿಲ್ಲ. ನೇರವಾಗಿ ಅವಳನ್ನೇ ನೋಡಿದ.

"ಗೊಣ್ಣೆ... ಈಗ ಏನ್ ಮಾಡ್ತೀಯ?"

ಹಾಗಾದರೆ ಅವತ್ತು ಟವೆಲ್ ಹಿಡಿದು ನಿಂತವನು ಲೆಕ್ಕ ಹಾಕುತ್ತಿದ್ದದ್ದು ಇದನ್ನಾ? ನನ್ನ ಕೈ ಇವನಿಗೆ ಪಿಶಾಚಿಯ ಸಾಮಾನಾ? ಆ ಡಬ್ಬಿಯ ಲೋಳೆ, ಹಲ್ಲು, ಕೂದಲಿನ ಜೊತೆ ಇದೂ ಒಂದಾ?

ಗ್ಲೌಸ್ ಒಳಗೆ ಬೆವರಿದ ಅವಳ ಬೆರಳು ಮುಂದೆ ಹೋಗಿ ಕೆಂಪು ಗುಂಡಿಯನ್ನು ಮುಟ್ಟಿತು.

ಅಲ್ಲಿಗೇ ಕಥೆ ನಿಂತಿತು. ಯಾಕೆ ಎಂದು ಯಾರೂ ಕೇಳಲಿಲ್ಲ. ಅವಳು ಬ್ಯಾಗ್ ಎತ್ತಿಕೊಂಡು, ತಲೆ ಬಗ್ಗಿಸಿ ಶಟರ್ ಕೆಳಗಿಂದ ನುಸುಳಿ ಹೊರಗೆ ಬಂದಳು. ಸೂತ್ರಧಾರ ಎದ್ದು ನಿಂತ. ಬಾಯಿ ತೆರೆದ. ಮತ್ತೆ ಕೂತ.

ಒಂದು ಫೋನಿಲ್ಲ. ಒಂದು ಮೆಸೇಜಿಲ್ಲ. ಭಾನುವಾರಗಳು ಒಂದರ ಹಿಂದೊಂದು ಕಳೆದವು. ಅವಳು ಕಂಡ ಕಂಡ ಅಡುಗೆಮನೆಯಲ್ಲಿ ಜಿರಳೆ ಎಣಿಸುತ್ತ, ಹಳಸಿದ ಸಾರು ಚೆಲ್ಲಿಸುತ್ತ ತಿರುಗಿದಳು. ಯಾವ ಗಬ್ಬಿನ ಮುಂದೆ ನಿಂತರೂ ಅವನದೇ ನೆನಪು. ಹೇಸಿಗೆ ಮನುಷ್ಯ! ಯಾಕೆ ಹೋದೆ ಅಂತ ಕೇಳುವಷ್ಟೂ ಬೇಡವಾದೆನಾ?

ಅಷ್ಟರಲ್ಲಿ ಆ ಹಾಳು ತೊಟ್ಟಿಯ ಮರುತಪಾಸಣೆಯ ದಿನ ಬಂತು.

* * *

ಅಕ್ಕ ಅವಳನ್ನು ನೋಡಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

"ಬನ್ನಿ ಮೇಡಂ. ಯಾಕೆ ಬರೋದು ಬಿಟ್ರಿ ಅಂತ ನಾನಂತೂ ಕೇಳಲ್ಲ."

"ಹೌದು, ನಿಮ್ಮ ಮನೇಲಿ ಯಾರಿಗೂ ಕೇಳೋ ಅಭ್ಯಾಸ ಇಲ್ಲ ಅಂತ ಗೊತ್ತಾಯ್ತು," ಎಂದಳು ಮೇಡಂ ಚುರುಕ್ಕೆಂದು.

"ಅಯ್ಯೋ! ಗುಂಡಿ ಮುಟ್ಟಿದವರನ್ನ ಕೇಳೋ ಹಾಗಿಲ್ವಲ್ಲ! ಅದು ನನ್ನ ಕೋಟಿನ ಗುಂಡಿ ಮೇಡಂ." ಅಕ್ಕನ ದನಿ ಮೆತ್ತಗಾಯಿತು. "ನಮ್ಮ ಯಜಮಾನರು ನದೀಲಿ ಹೋದ್ರು. ಒಂದ್ಸಲ ಆಟದಲ್ಲಿ ಯಾರೋ ಮುಳುಗೋ ದೃಶ್ಯ ಬಂತು, ನಾನು ನಿಲ್ಸಿ ಅಂದೆ. ಎಲ್ಲರೂ ಯಾಕೆ, ಯಾಕೆ ಅಂತ ಪ್ರಾಣ ತಿಂದ್ರು. ಹೇಳ್ತಾ ಹೇಳ್ತಾ ಅತ್ತುಬಿಟ್ಟೆ. ಅವತ್ತೇ ಇವನು ಆ ರೂಲ್ ಮಾಡಿದ್ದು. ಈಗ ನೋಡಿ, ದಿನಾ ಫೋನ್ ಕೈಗೆತ್ಕೋತಾನೆ, ಇಡ್ತಾನೆ. 'ರೂಲ್ ಮಾಡಿದವನೇ ಮುರಿದ್ರೆ ಅಕ್ಕ, ನಾಳೆ ಯಾರು ಧೈರ್ಯವಾಗಿ ಗುಂಡಿ ಮುಟ್ತಾರೆ' ಅಂತಾನೆ. ಮಂಕು ಮುಂಡೇದು!"

ಅವಳು ಹಿತ್ತಲಿಗೆ ನಡೆದಳು.

ಅಲ್ಲಿ ಸೂತ್ರಧಾರ ಹೊಟ್ಟೆ ಅಡಿಯಾಗಿ ಮಲಗಿ, ಭುಜದವರೆಗೂ ತೊಟ್ಟಿಯೊಳಗೆ ಕೈ ಇಳಿಬಿಟ್ಟು ಹಳದಿ ಜಿಡ್ಡಿನ ಮುದ್ದೆ ಎತ್ತಿ ಎತ್ತಿ ಬಕೆಟಿಗೆ ಹಾಕುತ್ತಿದ್ದ. ಮುದ್ದೆಯಲ್ಲಿ ಕೊಳೆತ ಅನ್ನ, ಕೂದಲು, ಮಿಸುಕುವ ಬಿಳಿ ಹುಳ. ಆ ನಾತಕ್ಕೆ ನೊಣವೂ ಎರಡು ಸಲ ಯೋಚಿಸಬೇಕು!

"ಮೇಡಂ!" ಗಡಬಡಿಸಿ ಎದ್ದು ಕೂತ. ಕೆನ್ನೆ ಮೇಲೂ ಜಿಡ್ಡು. "ಹೊಸ ಪೈಪ್ ಹಾಕಿಸಿದ್ದೀನಿ. ತಳ ಮಾತ್ರ ಬಾಕಿ. ನೀವು ಒಳಗೆ ಕೂತಿರಿ, ನಾನು..."

"ಕೇಳು."

"ಏನು?"

"ಯಾಕೆ ಹೋದೆ ಅಂತ ಕೇಳು."

ಅವನು ತಲೆಯಾಡಿಸಿದ. "ಕೇಳೋ ಹಾಗಿಲ್ಲ."

"ಗುಂಡಿ ಮುಟ್ಟಿದವಳೇ ಹೇಳ್ತಿದ್ದೀನಿ. ಕೇಳೋ!"

ಅವನು ಕೈಯಲ್ಲಿದ್ದ ಜಿಡ್ಡನ್ನು ಬಕೆಟಿಗೆ ಕೊಡವಿದ. "ಯಾಕೆ... ಯಾಕೆ ಹೋದ್ರಿ?"

"ನನ್ನ ಕೈನ ಪಿಶಾಚಿ ಕೈ ಮಾಡಿದೆಯಲ್ಲ!" ಅವಳ ಕಣ್ಣು ತುಂಬಿ ಬಂತು. "ಸೋಡಾಬುಡ್ಡಿ ಬೆಂಕಿ ಹಚ್ತೀನಿ ಅಂದ. ನಿಮ್ಮಕ್ಕ ನಕ್ರು. ನೀನು ನನ್ನನ್ನೇ ನೋಡ್ತಾ ಕೂತಿದ್ದೆ!"

"ಪಿಶಾಚಿನಾ?!" ಅವನು ಬೆಚ್ಚಿದ. "ಅವಳು ಪಿಶಾಚಿ ಅಲ್ಲ! ಮೊದಲ ದಿನದಿಂದ ನಾವು ಹುಡುಕ್ತಿದ್ದೀವಲ್ಲ, ಕಾಣೆಯಾದ ಹುಡುಗಿ, ಅವಳೇ ಅದು! ಕೈ ನೋಡಿ ಇಡೀ ಶಾಲೆ ದೂರ ಓಡಿತ್ತು, ಅದಕ್ಕೇ ಕೊಳದಲ್ಲಿ ಬಚ್ಚಿಟ್ಕೊಂಡಿದ್ಲು. ಯಾರಾದ್ರೂ ಒಬ್ಬರು ಅವಳ ಕೈ ಹಿಡಿದ್ರೆ ಸಾಕು, ಎದ್ದು ಮನೆಗೆ ಬರ್ತಿದ್ಲು. ದಾಳಾನೂ ಬೇಕಿರಲಿಲ್ಲ. ಗೊಣ್ಣೆ ಹೇಸಲ್ಲ, ಗೊಣ್ಣೆ ಹಿಡಿದೇ ಹಿಡೀತಾಳೆ ಅಂತ... ನೀವೇ ನಿಮ್ಮ ಬಾಯಲ್ಲಿ 'ಕೈ ಹಿಡೀತೀನಿ' ಅಂತ ಹೇಳ್ಲಿ ಅಂತ..."

ಅವಳು ಬಿಟ್ಟ ಕಣ್ಣು ಬಿಟ್ಟಂತೆ ನಿಂತಳು. ಎಲ್ಲಾದರೂ ಉಂಟೇ ಇದು? ಹುಡುಗಿಗೆ ಸಮಾಧಾನ ಹೇಳಲು ಹೂವಲ್ಲ, ಹಣ್ಣಲ್ಲ, ಪಾಚಿ ಕೊಳ, ಸತ್ತ ಕಪ್ಪೆ!

"ಅಷ್ಟು ಸುತ್ತಿ ಬಳಸಬೇಕಿತ್ತಾ? ನಿನ್ನ ಕೈ ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ಚೆನ್ನಾಗಿಲ್ಲ." ಅವನು ತಲೆ ತಗ್ಗಿಸಿದ. "ಸುಳ್ಳು ಹೇಳಲ್ಲ. ಅವತ್ತು ನೋಡಿದಾಗ ಎಷ್ಟು ಉರೀತಿರಬೇಕು ಅನ್ನಿಸ್ತು. ಟವೆಲ್ ದೊರಗಾಗಿತ್ತು, ಅದನ್ನ ಕೊಡೋಕೂ ಮನಸ್ಸು ಬರಲಿಲ್ಲ. ಹಿಡ್ಕೋಬೇಕು ಅನ್ನಿಸ್ತು. ಹಾಗಂತ ಹೇಳೋಕೆ ಧೈರ್ಯ ಇರಲಿಲ್ಲ, ಅದಕ್ಕೆ ಕಥೆ ಮಾಡ್ದೆ. ನನಗೆ ನೇರವಾಗಿ ಮಾತಾಡೋಕೆ ಬರೋದೇ ಇಲ್ಲ... ಅಕ್ಕನ್ನ ಕೇಳಿ ಬೇಕಾದ್ರೆ."

ಅವಳು ಒಂದು ಗ್ಲೌಸ್ ಬಿಚ್ಚಿದಳು. ಇನ್ನೊಂದನ್ನೂ ಬಿಚ್ಚಿದಳು. ಬಿಸಿಲಿಗೆ ಬಿರುಕುಗಳು ಕೆಂಪಗೆ ಕಂಡವು. ಬಸ್ ಸ್ಟಾಪಿನ ಆ ಸಂಜೆ ನೆನಪಾಯಿತು. ಆದರೂ ಮುಂದೆ ಚಾಚಿದಳು.

"ಸೂತ್ರಧಾರ... ಈಗ ಏನ್ ಮಾಡ್ತೀಯ?"

ಅವನು ಎದ್ದ. ಒಂದು ಹೆಜ್ಜೆ ಮುಂದಿಟ್ಟು ತನ್ನ ಕೈ ನೋಡಿಕೊಂಡ. ಭುಜದವರೆಗೂ ಜಿಡ್ಡು! ನಲ್ಲಿಗೆ ಓಡಿ ಸೋಪು ಹಚ್ಚಿ ತೊಳೆದ. ಮೂಸಿ ನೋಡಿದ. ಮತ್ತೆ ತೊಳೆದ. ಸಾಲದು ಎಂಬಂತೆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒರೆಸಿದ, ಒರೆಸಿದ, ಒರೆಸುತ್ತಲೇ ಇದ್ದ.

ಅವಳಿಗೆ ಅಳು ಒತ್ತರಿಸಿ ಬಂತು. ತನ್ನ ಕೈ ಹಿಡಿದ ಮೇಲೆ ಒರೆಸಿಕೊಂಡವನನ್ನು ಅವಳು ಕಂಡಿದ್ದಳು. ಹಿಡಿಯುವ ಮುಂಚೆ ಒರೆಸಿಕೊಳ್ಳುವವನನ್ನು ಇವತ್ತೇ ಕಂಡದ್ದು.

"ಸಾಕು ಬಾರೋ..." ಎಂದಳು ಬಿಕ್ಕುತ್ತ.

ಅವನು ಹಿಡಿದ. ಮೆಲ್ಲಗೆ, ಬಿರುಕಿಗೆ ನೋವಾಗದ ಹಾಗೆ, ಎರಡೂ ಕೈಯಲ್ಲಿ. ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ. ಪಕ್ಕದ ಬಕೆಟಿನಲ್ಲಿ ಹುಳಗಳು ಮಿಸುಕುತ್ತಲೇ ಇದ್ದವು.

"ಉರೀತಿದೆಯಾ ನಿನಗೆ?" ಎಂದ.

ನಿನಗೆ! ಮೇಜಿಲ್ಲ, ದಾಳವಿಲ್ಲ, ಗೊಣ್ಣೆಯೂ ಅಲ್ಲ. ಅವಳಿಗೇ ಹೇಳಿದ "ನೀನು".

"ಸ್ವಲ್ಪ," ಎಂದಳು. "ಬಿಟ್ರೆ ಜಾಸ್ತಿ ಉರಿಯುತ್ತೆ."

"ಹಾಗಾದ್ರೆ... ತೊಟ್ಟಿ ಪಾಸಾ ಮೇಡಂ?"

"ಬೇರೆ ಇನ್ಸ್‌ಪೆಕ್ಟರ್‌ನ ಕಳಿಸ್ತೀನಿ. ಇಷ್ಟು ಗಬ್ಬು ನಾತದಲ್ಲಿ ನಿಂತಿದ್ರೂ ನನಗೆ ಹೇಸಿಗೆನೇ ಆಗ್ತಿಲ್ಲ. ಇನ್ಮೇಲೆ ಈ ಅಂಗಡೀಲಿ ನನ್ನ ಮೂಗನ್ನ ನಾನೇ ನಂಬೋ ಹಾಗಿಲ್ಲ."

ಅವನು ನಕ್ಕ. ಕೆನ್ನೆಯ ಮೇಲಿನ ಜಿಡ್ಡಿನ ಮುದ್ದೆ ಜಾರಿ ಅವಳ ಮಣಿಕಟ್ಟಿನ ಮೇಲೆ ತೊಪ್ಪನೆ ಬಿತ್ತು.

"ಛೀ!" ಎಂದಳು ಅವಳು, ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು.